‘ಕಿವಿಗೊಟ್ಟು ಕೇಳಿದರೆ’: ಒಂದು ಜಪಾನೀ ಚಿತ್ರದಲ್ಲಿ ಎಳೆಯರ ಒಲವು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಜಪಾನಿನ ಕಾರ್ಟೂನು ಚಿತ್ರವೊಂದರ ಕುರಿತು ಲೇಖನವೇಕೆಂದು ಕೆಲವು ಹಿರಿಯರು ಕೇಳಬಹುದು. ಅದು ಹದಿನಾಲ್ಕು ಹದಿನೈದರ ಹರೆಯದ ಹುಡುಗ ಹುಡುಗಿಯರ ಒಲವಿನ ಕಥೆಯೆಂದ ಮೇಲಂತೂ ಅವರ ಹುಬ್ಬು ಇನ್ನಷ್ಟು ಮೇಲೇರಬಹುದು. ಆದರೆ ಈ ಕಥೆ ನಡೆಯುವುದು ಶಾಲೆಯ ಅಂಗಳದಲ್ಲಿ, ಗ್ರಂಥಾಲಯದ ಕಪಾಟುಗಳ ನಡುವೆ, ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ಮಕ್ಕಳ ಮನೆಗಳಲ್ಲಿ. ಆ ವಯಸ್ಸಿನಲ್ಲಿ ಮನಸ್ಸಿಗೆ ಏನಾಗುತ್ತದೆಂಬುದನ್ನು ಹಳೆಯ ವಿದ್ಯಾರ್ಥಿಗಳಾದ ನಾವೆಲ್ಲರೂ ಬಲ್ಲೆವು. ಬಲ್ಲೆವೆಂದು ನಮ್ಮ ಮಕ್ಕಳ ಮುಂದೆ ಒಪ್ಪಿಕೊಳ್ಳುವವರು ಮಾತ್ರ ವಿರಳ. ಆದುದರಿಂದ ಈ ವಿಷಯಕ್ಕೆ ಶಾಲೆಯ ಸಂಚಿಕೆಗಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ನನ್ನ ಭಾವನೆ.

ನಮ್ಮಲ್ಲಿ ಅನಿಮೇಷನ್ ಎಂದೊಡನೆ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಓಡುವ ದೃಶ್ಯವೇ ಕಣ್ಣಮುಂದೆ ನಿಲ್ಲುತ್ತದೆ. ಜಪಾನಿನ ಚಿತ್ರಗಳ ಪರಿಚಯ ನಮಗೆ ಇಲ್ಲವೆಂದೇ ಭಾವಿಸುತ್ತೇವೆ. ಆದರೆ 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ‘ಜಂಗಲ್ ಬುಕ್’ ಸರಣಿಯ ಮೊಗ್ಲಿಯನ್ನು ಆ ಕಾಲದ ಮಕ್ಕಳು ಮರೆತಿರಲಾರರು. ಹಿಂದಿಯಲ್ಲಿ ಮಾತನಾಡುತ್ತಿದ್ದ ಆ ಮೊಗ್ಲಿಯನ್ನು ಬರೆದವರು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆಯವರು. ಯುಗೊ ಸಾಕೊ ಅವರು ನಮ್ಮ ರಾಮ್ ಮೋಹನ್ ಅವರೊಡಗೂಡಿ ಮಾಡಿದ ರಾಮಾಯಣದ ಚಿತ್ರವೂ ಜಪಾನೀ ಕುಂಚದಿಂದಲೇ ಮೂಡಿದ್ದು. ಅದು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಒಂದರಲ್ಲಿ ಕಾಡು, ಇನ್ನೊಂದರಲ್ಲಿ ಪುರಾಣ. ಇಲ್ಲಿ ನಾನು ಹೇಳಹೊರಟಿರುವ ಚಿತ್ರದಲ್ಲಿ ಅವೆರಡೂ ಇಲ್ಲ. ಇರುವುದು ಒಂದು ಇಕ್ಕಟ್ಟಾದ ಮನೆ, ಒಂದು ಶಾಲೆ, ಒಂದು ಹಳೆಯ ಸಾಮಾನುಗಳ ಅಂಗಡಿ ಮತ್ತು ಹತ್ತಿ ಇಳಿಯುವ ಕೆಲವು ಬೀದಿಗಳು.

ಚಿತ್ರದ ಜಪಾನೀ ಹೆಸರು ‘ಮಿಮಿ ಒ ಸುಮಸೆಬಾ’. ಕಿವಿಗೊಟ್ಟು ಕೇಳಿದರೆ ಎಂದು ಅದನ್ನು ಕನ್ನಡಿಸಬಹುದು. ಇಂಗ್ಲಿಷಿನಲ್ಲಿ ‘ವಿಸ್ಪರ್ ಆಫ್ ದಿ ಹಾರ್ಟ್’ ಎಂದು ಪ್ರಸಿದ್ಧವಾಗಿದೆ. ಅಓಯಿ ಹೀರಾಗಿ ಎಂಬ ಲೇಖಕಿಯ ಚಿತ್ರಕಥಾಮಾಲಿಕೆಯನ್ನು ಆಧರಿಸಿ ಹಯಾವೊ ಮಿಯಾಝಾಕಿ ಚಿತ್ರಕಥೆ ಬರೆದರು. ಯೊಶಿಫುಮಿ ಕೊಂಡೊ ನಿರ್ದೇಶಿಸಿದರು. ಜಿಬ್ಲಿ ಸ್ಟುಡಿಯೊ ತಯಾರಿಸಿದ ಈ ಚಿತ್ರ 1995ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. 2020ರಿಂದ ನೆಟ್‌ಫ್ಲಿಕ್ಸ್ ಮೂಲಕ ಜಪಾನಿನ ಆಚೆಯ ಅನೇಕ ದೇಶಗಳ ಮನೆಗಳಿಗೂ ತಲುಪಿದೆ.

ಕಥಾನಾಯಕಿ ಶಿಜುಕು ಹದಿನಾಲ್ಕು ವರ್ಷದವಳು, ಮಾಧ್ಯಮಿಕ ಶಾಲೆಯ ಕೊನೆಯ ವರ್ಷದಲ್ಲಿರುವವಳು. ಮುಂದಿನ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕಾದ ವರ್ಷ. ನಮ್ಮ ಹತ್ತನೆಯ ತರಗತಿಯಂತೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕಳೆಯುವ ವರ್ಷವದು. ತಂದೆ ನಗರ ಗ್ರಂಥಾಲಯದಲ್ಲಿ ಉದ್ಯೋಗಿ, ಬಿಡುವಿನಲ್ಲಿ ಸ್ಥಳೀಯ ಇತಿಹಾಸವನ್ನು ಬರೆಯುವವರು. ತಾಯಿ ಈ ವಯಸ್ಸಿನಲ್ಲಿ ಮತ್ತೆ ವಿಶ್ವವಿದ್ಯಾಲಯ ಸೇರಿ ಓದುತ್ತಿರುವವರು. ಅಕ್ಕ ಶಿಹೊ ಕಾಲೇಜು ವಿದ್ಯಾರ್ಥಿನಿ. ಮನೆಗೆಲಸದ ಪಾಲನ್ನು ತಂಗಿ ಮಾಡದಿದ್ದರೆ ಗದರುವವಳೂ ಅವಳೇ. ಅಕ್ಕತಂಗಿಯರಿಗೆ ಒಂದೇ ಕೋಣೆ. ಒಂದರ ಮೇಲೊಂದಿರುವ ಎರಡು ಮಂಚಗಳು, ಏಕಾಂತಕ್ಕೆ ಒಂದು ಪರದೆ ಮಾತ್ರ. ಚಿತ್ರದ ಆರಂಭದಲ್ಲಿ ಈ ಹುಡುಗಿ ಮಾಡುವ ಕೆಲಸವೆಂದರೆ ಅಂಗಡಿಯಿಂದ ಹಾಲು ತರುವುದು. ನಾಯಕಿಯ ಪ್ರವೇಶಕ್ಕೆ ಇದಕ್ಕಿಂತ ಸಾಧಾರಣವಾದ ಸನ್ನಿವೇಶವನ್ನು ಯೋಚಿಸುವುದು ಕಷ್ಟ.

ಇಂಥ ಮನೆಯನ್ನು ಮೊದಲು ನಮ್ಮ ಕಣ್ಣಿಗೆ ಕಟ್ಟಿಕೊಟ್ಟ ನಂತರವೇ ಚಿತ್ರ ಒಲವಿನ ಮಾತಿಗೆ ಬರುತ್ತದೆ. ಇದು ಮುಖ್ಯವಾದ ಸಂಗತಿ. ನಮ್ಮ ಅನೇಕ ಪ್ರಣಯಚಿತ್ರಗಳಲ್ಲಿ ನಾಯಕ ನಾಯಕಿಯರಿಗೆ ಪ್ರೀತಿಸುವುದರ ಹೊರತು ಬೇರೆ ಕಸುಬಿರುವುದಿಲ್ಲ. ಪಾತ್ರೆ ತೊಳೆಯುವವರು ಯಾರು, ಹಾಲು ತರುವವರು ಯಾರು ಎಂದು ಕೇಳುವಂತಿಲ್ಲ. 1987ರ ‘ಪ್ರೇಮಲೋಕ’ದ ಹಾಡುಗಳನ್ನು ಗುನುಗುತ್ತಲೇ ಬೆಳೆದವರಿಗೆ ಅದರಲ್ಲಿ ದೋಷ ಕಾಣದು, ನನಗೂ ಕಾಣದು, ಅದರ ಸುಖವೇ ಬೇರೆ. ಆದರೆ ಆ ಲೋಕದಿಂದ ಹೊರಬಂದು ನಮ್ಮ ಮನೆಯ ಹೊಸ್ತಿಲು ದಾಟಿದೊಡನೆ ಆ ಪ್ರೇಮ ಹಿಂದುಳಿಯುತ್ತದೆ. ಶಿಜುಕುವಿನ ಒಲವು ಹಾಲಿನ ಡಬ್ಬಿಯ ಜೊತೆಗೇ ಮನೆಯೊಳಕ್ಕೆ ಬರುತ್ತದೆ.

ಆ ಒಲವಿನ ಅಂಕುರ ಹೀಗೆ. ಪುಸ್ತಕದ ಹುಳುವಾದ ಶಿಜುಕು ರಜೆಯಲ್ಲಿ ತಂದ ಗ್ರಂಥಾಲಯದ ಪುಸ್ತಕಗಳ ಕಾರ್ಡುಗಳನ್ನು ನೋಡುತ್ತಾಳೆ. ಪುಸ್ತಕದ ಹಿಂಬದಿಯ ಚೀಲದಲ್ಲಿ ಇಡುತ್ತಿದ್ದ, ಎರವಲು ಪಡೆದವರ ಹೆಸರನ್ನು ಒಂದರ ಕೆಳಗೊಂದು ಬರೆಯುತ್ತಿದ್ದ ಆ ಕಾರ್ಡುಗಳು ನಮ್ಮ ಪೀಳಿಗೆಗೆ ಚಿರಪರಿಚಿತ. ತಾನು ಓದಿದ ಪುಸ್ತಕಗಳಲ್ಲೆಲ್ಲ ತನಗಿಂತ ಮೊದಲೇ ಅಮಸಾವಾ ಸೇಜಿ ಎಂಬೊಬ್ಬರು ಅವನ್ನು ಓದಿ ಮುಗಿಸಿರುವುದು ಅವಳಿಗೆ ಕಾಣುತ್ತದೆ. ಯಾರಿವರು? ಹೇಗಿರಬಹುದು? ಕಂಡಿಲ್ಲ, ಮಾತಾಡಿಲ್ಲ, ಹೆಸರು ಮಾತ್ರ ಮನಸ್ಸಿನಲ್ಲಿ ಮನೆ ಮಾಡಿತು.

ನಮ್ಮ ಆಲಂಕಾರಿಕರು ಇದಕ್ಕೆ ಒಂದು ಹೆಸರಿಟ್ಟು ಎಷ್ಟೋ ಶತಮಾನಗಳಾದವು: ಪೂರ್ವರಾಗ. ವಿಪ್ರಲಂಭ ಶೃಂಗಾರದ ಭೇದಗಳಲ್ಲಿ ಅದೊಂದು. ಕೂಡುವ ಮೊದಲೇ, ಗುಣಶ್ರವಣದಿಂದಲೋ ದರ್ಶನದಿಂದಲೋ ಹುಟ್ಟುವ ಅನುರಾಗವದು. ಹಂಸದ ಬಾಯಿಂದ ನಳನ ಗುಣಗಳನ್ನು ಕೇಳಿದ ದಮಯಂತಿಯ ಕಥೆಯನ್ನು ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡಿಗರು ಚೆನ್ನಾಗಿ ಬಲ್ಲರು. ದಮಯಂತಿಗೆ ಹಂಸ ಮಾಡಿದ ಉಪಕಾರವನ್ನು ಶಿಜುಕುವಿಗೆ ಗ್ರಂಥಾಲಯದ ರಟ್ಟಿನ ಕಾರ್ಡು ಮಾಡಿತು. ಹಂಸವಾದರೂ ಹೊಗಳುವುದರಲ್ಲಿ ಕೊಂಚ ಉತ್ಪ್ರೇಕ್ಷೆ ಮಾಡಿದ್ದೀತು. ಕಾರ್ಡಿಗೆ ಅದು ಸಾಧ್ಯವಿಲ್ಲ. ಅದು ಹೇಳುವುದು ಒಂದೇ ಗುಣ: ಈತ ಓದುವವನು, ನೀನು ಓದಿದ್ದನ್ನೇ ಓದುವವನು.

ಆ ಗ್ರಂಥಾಲಯದಲ್ಲಿ ಕಾರ್ಡುಗಳನ್ನು ತೆಗೆದು ಬಾರ್‌ಕೋಡ್ ಪದ್ಧತಿಯನ್ನು ತರಲಾಗುವುದೆಂದು ತಂದೆ ಮಗಳಿಗೆ ಆರಂಭದಲ್ಲೇ ಹೇಳುತ್ತಾರೆ. ಅವಳಿಗೆ ಬೇಸರ, ತಂದೆಗೂ ಕಾರ್ಡೇ ಇಷ್ಟ. ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಈ ಮಾತು ಇಡೀ ಕಥೆಗೆ ಅವಧಿಯೊಂದನ್ನು ಹಾಕಿಬಿಡುತ್ತದೆ. ಇನ್ನು ಕೆಲವು ತಿಂಗಳು ಕಳೆದರೆ ಇಂಥ ಒಲವು ಈ ದಾರಿಯಲ್ಲಿ ಹುಟ್ಟಲು ಅವಕಾಶವೇ ಇರದು. (ಯಾರು ಯಾವ ಪುಸ್ತಕ ಓದಿದರೆಂದು ಊರಿಗೆಲ್ಲ ತಿಳಿಯುವುದು ಒಳ್ಳೆಯದೇ ಎಂಬ ಪ್ರಶ್ನೆಯೂ ಉಂಟು. ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಅಡಗಿಸಿ ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಬಗ್ಗೆ ಹೆಚ್ಚು ಬಲ್ಲರು.)

ಇತ್ತ ಅದೇ ಶಾಲೆಯ ಹುಡುಗನೊಬ್ಬ ಶಿಜುಕುವಿಗೆ ಎದುರಾಗುತ್ತಾನೆ. ಅವಳು ಮರೆತುಬಿಟ್ಟ ಪುಸ್ತಕದೊಳಗಿನ ಹಾಡಿನ ಸಾಲುಗಳನ್ನು ಓದಿ ಛೇಡಿಸುತ್ತಾನೆ. ಅವಳಿಗೆ ಮೈಯೆಲ್ಲ ಉರಿ. ಮನೆಗೆ ಹೋಗುವವರೆಗೂ ಅವನನ್ನು ಬಯ್ದುಕೊಳ್ಳುತ್ತಾಳೆ. ಮುಂದೊಮ್ಮೆ ತಂದೆಗೆ ಊಟದ ಚೀಲ ಒಯ್ಯುವಾಗ ರೈಲಿನಲ್ಲಿ ಒಂಟಿಯಾಗಿ ಪ್ರಯಾಣಿಸುವ ದಢೂತಿ ಬೆಕ್ಕೊಂದನ್ನು ಕಂಡು ಅದರ ಬೆನ್ನುಹತ್ತಿ ಹೋದಾಗ, ಗುಡ್ಡದ ಮೇಲಿನ ಹಳೆಯ ಸಾಮಾನುಗಳ ಅಂಗಡಿಗೆ ಬಂದು ಸೇರುತ್ತಾಳೆ. ಚೀಲವನ್ನು ಅಲ್ಲೇ ಮರೆಯುತ್ತಾಳೆ. ಅದನ್ನು ತಂದುಕೊಡುವವನೂ ಆ ತಂಟೆಕೋರ ಹುಡುಗನೇ. ಅವನೇ ಸೇಜಿಯೆಂದು ನಮಗೆ ಬೇಗನೆ ಹೊಳೆಯುತ್ತದೆ, ಅವಳಿಗೆ ಹೊಳೆಯುವುದಿಲ್ಲ. ಏಕೆಂದರೆ ಕಾರ್ಡಿನ ಸೇಜಿಯನ್ನು ಅವಳು ಶಾಂತನೂ ಗಂಭೀರನೂ ಆದ ಒಬ್ಬ ರಾಜಕುಮಾರನಂತೆ ಮನಸ್ಸಿನಲ್ಲಿ ಬರೆದುಕೊಂಡಿದ್ದಾಳೆ. ಸೈಕಲ್ ಮೇಲೆ ಬೆಕ್ಕನ್ನು ಕೂರಿಸಿಕೊಂಡು ಬರುವ ಹುಡುಗ ಆ ಚಿತ್ರಕ್ಕೆ ಹೊಂದುವುದಿಲ್ಲ.

ಅವನ ಗುಟ್ಟು ಹೊರಬೀಳುವುದು ಇನ್ನೂ ತಡವಾಗಿ. ಅವನು ಅವಳನ್ನು ಗ್ರಂಥಾಲಯದಲ್ಲಿ ಎಂದೋ ಗಮನಿಸಿದ್ದ. ತನ್ನ ಹೆಸರು ಅವಳ ಕಣ್ಣಿಗೆ ಬೀಳಲಿ ಎಂದೇ ಅವಳಿಗಿಂತ ಮೊದಲು ಪುಸ್ತಕಗಳನ್ನು ಓದಿ ಕಾರ್ಡಿನಲ್ಲಿ ಹೆಸರು ಬರೆಸುತ್ತಿದ್ದ! ಹುಡುಗಿಯ ಮನೆಯ ಮುಂದೆ ಸುಳಿದಾಡುವ ಹುಡುಗರನ್ನು ನಾವು ಕಂಡಿದ್ದೇವೆ. ಹುಡುಗಿಗಾಗಿ ಕಪಾಟುಗಟ್ಟಲೆ ಪುಸ್ತಕ ಓದಿದವನನ್ನು ಕಾಣುವುದು ಅಪರೂಪ. ಯಾವ ಉಪಾಧ್ಯಾಯರೂ ಇದಕ್ಕೆ ಆಕ್ಷೇಪ ಮಾಡಲಾರರು.

ಚಿತ್ರದಲ್ಲಿ ಇನ್ನೊಂದು ಒಲವೂ ಇದೆ, ನನ್ನ ಮಟ್ಟಿಗೆ ಅದು ಮೊದಲನೆಯದಕ್ಕಿಂತಲೂ ಹೆಚ್ಚು ನಿಜ. ಶಿಜುಕುವಿನ ಗೆಳತಿ ಯೂಕೊಗೆ ಬೇಸ್‌ಬಾಲ್ ಆಡುವ ಸುಗಿಮುರಾ ಎಂಬ ಸಹಪಾಠಿಯ ಮೇಲೆ ಮನಸ್ಸು. ಅವನೋ ಏನೂ ಅರಿಯದೆ, ತನ್ನ ಸ್ನೇಹಿತನೊಬ್ಬ ಬರೆದ ಪ್ರೇಮಪತ್ರಕ್ಕೆ ಉತ್ತರ ಕೊಡೆಂದು ಅವಳನ್ನೇ ಕೇಳುತ್ತಾನೆ. ಅವಳು ಅಳುತ್ತ ಓಡುತ್ತಾಳೆ. ಅದನ್ನು ವಿವರಿಸಲು ಹೋದ ಶಿಜುಕುವಿಗೆ ಗುಡಿಯ ಅಂಗಳದಲ್ಲಿ ಸುಗಿಮುರಾ ಹೇಳುವುದೇ ಬೇರೆ: ತನ್ನ ಮನಸ್ಸಿರುವುದು ಯೂಕೊ ಮೇಲಲ್ಲ, ನಿನ್ನ ಮೇಲೆ. ಶಿಜುಕು ತತ್ತರಿಸುತ್ತಾಳೆ. ಇಷ್ಟು ದಿನ ಗೆಳೆಯರಾಗಿದ್ದೆವಲ್ಲ ಎನ್ನುತ್ತಾಳೆ. ಇನ್ನು ಮುಂದೆಯೂ ಬರೀ ಗೆಳೆಯನೇ ಎಂದು ಅವನು ಕೇಳುತ್ತಾನೆ. ಅವಳು ತಲೆತಗ್ಗಿಸುತ್ತಾಳೆ, ಅವನು ಹೊರಟುಹೋಗುತ್ತಾನೆ. ಅಷ್ಟೇ. ಇಲ್ಲಿ ಖಳನಿಲ್ಲ, ಗುಡುಗಿಲ್ಲ, ಹಿನ್ನೆಲೆ ಸಂಗೀತದ ಅಬ್ಬರವಿಲ್ಲ. ಮೂವರೂ ಒಳ್ಳೆಯವರೇ, ಮೂವರಿಗೂ ನೋವಾಯಿತು. ಮರುದಿನ ಮೂವರೂ ಅದೇ ತರಗತಿಗೆ ಬಂದು ಕುಳಿತುಕೊಳ್ಳಬೇಕು. ಶಾಲೆಯ ದಿನಗಳ ಕಷ್ಟವೆಂದರೆ ಇದೇ ಅಲ್ಲವೆ?

ಇಷ್ಟು ಸೂಕ್ಷ್ಮವಾದ ಭಾವಗಳು ಕೈಯಿಂದ ಬರೆದ ಚಿತ್ರಗಳಲ್ಲಿ ಬಂದದ್ದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿದುಹೋಗುತ್ತವೆ. ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿದರೂ ಒಂದು ಸೆಕೆಂಡಿನ ಚಲನೆಗೆ ಎಂಟು ಹನ್ನೆರಡು ಚಿತ್ರಗಳು ಬೇಕು. 1995ರಲ್ಲಿ ಅವನ್ನು ಪಾರದರ್ಶಕ ಹಾಳೆಗಳ ಮೇಲೆ ಒಂದೊಂದಾಗಿ ಬರೆದು ಬಣ್ಣ ತುಂಬುತ್ತಿದ್ದರು. ನಟನಟಿಯರ ಚಿತ್ರದಲ್ಲಿ ನಟಿಯ ಕೂದಲು ತಾನಾಗಿ ಹಣೆಗೆ ಬೀಳುತ್ತದೆ, ಕಣ್ಣು ತಾನಾಗಿ ಮಿಟುಕುತ್ತದೆ; ಕ್ಯಾಮೆರಾ ಅದನ್ನು ಪುಕ್ಕಟೆಯಾಗಿ ಹಿಡಿದುಕೊಳ್ಳುತ್ತದೆ. ಬರೆದ ಚಿತ್ರದಲ್ಲಿ ಪುಕ್ಕಟೆ ಬರುವುದು ಯಾವುದೂ ಇಲ್ಲ. ನಾಚಿದ ಹುಡುಗಿ ಎತ್ತ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರತಿಯೊಂದನ್ನೂ ಒಬ್ಬರು ಯೋಚಿಸಿ ಬರೆಯಬೇಕು. ಆದುದರಿಂದ ಸಿಂಹ ಮಾತನಾಡುವ ದೃಶ್ಯಕ್ಕಿಂತ ಹುಡುಗಿಯೊಬ್ಬಳು ಮಾತು ತಡವರಿಸುವ ದೃಶ್ಯವನ್ನು ಬರೆಯುವುದು ಕಷ್ಟ. ಸಿಂಹ ಹೇಗೆ ಮಾತನಾಡುತ್ತದೆಂದು ನೋಡುವವರಿಗೆ ತಿಳಿಯದು. ಹುಡುಗಿ ಹೇಗೆ ತಡವರಿಸುತ್ತಾಳೆಂದು ಎಲ್ಲರೂ ಬಲ್ಲರು.

ನಿರ್ದೇಶಕ ಕೊಂಡೊ ಅವರ ಇಡೀ ಜೀವನ ಈ ಕಷ್ಟದ ಕೆಲಸದಲ್ಲೇ ಕಳೆಯಿತು. 1950ರಲ್ಲಿ ಜನಿಸಿದ ಅವರು, ನಮ್ಮ ಮೊಗ್ಲಿಯನ್ನು ಮುಂದೆ ತಯಾರಿಸಿದ ಅದೇ ನಿಪ್ಪಾನ್ ಸಂಸ್ಥೆಯ 1979ರ ‘ಕೆಂಗೂದಲ ಆ್ಯನ್’ ಸರಣಿಗೆ ಪಾತ್ರಗಳ ರೂಪರಚನೆ ಮಾಡಿದ್ದರು. ಮಾತಿನಮಲ್ಲಿಯಾದ ಆ ಅನಾಥ ಬಾಲಕಿ ಕಂತಿನಿಂದ ಕಂತಿಗೆ ಬೆಳೆದು ದೊಡ್ಡವಳಾಗುವುದನ್ನು ರೇಖೆಗಳಲ್ಲಿ ತೋರಿಸಬೇಕಾಗಿತ್ತು. ಇಸಾವೊ ತಕಹಾತಾ ಅವರ 1988ರ ಯುದ್ಧಕಾಲದ ಚಿತ್ರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ಗೂ 1991ರ ‘ಓನ್ಲಿ ಯೆಸ್ಟರ್‌ಡೇ’ಗೂ ಅವರು ದುಡಿದರು, ಎರಡನೆಯದರಲ್ಲಿ ನಗುವಾಗ ಕೆನ್ನೆಯ ಸ್ನಾಯು ಮಡಿಚಿಕೊಳ್ಳುವುದನ್ನೂ ಬರೆದರು. ‘ಕಿವಿಗೊಟ್ಟು ಕೇಳಿದರೆ’ ಅವರು ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ. ಅದೇ ಕಡೆಯದೂ ಆಯಿತು. 1998ರ ಜನವರಿ 21ರಂದು, ತಮ್ಮ 47ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇನ್ನು ಹಾಡಿನ ವಿಷಯ. ಗಡಿನಾಡಿನ ಕನ್ನಡಿಗರಾದ ನಮಗೆ ಈ ಭಾಗ ವಿಶೇಷವಾಗಿ ನಾಟುತ್ತದೆ. ಜಾನ್ ಡೆನ್ವರ್ 1971ರಲ್ಲಿ ಹಾಡಿ ಪ್ರಸಿದ್ಧಗೊಳಿಸಿದ, ಹಳ್ಳಿಯ ದಾರಿಯೇ ನನ್ನನ್ನು ಊರಿಗೆ ಕರೆದೊಯ್ಯಿ ಎಂದು ಬೇಡುವ ಅಮೆರಿಕದ ಗೀತೆಯನ್ನು ಶಾಲೆಯ ಗಾಯನ ತಂಡಕ್ಕಾಗಿ ಜಪಾನಿಗೆ ತರುವ ಕೆಲಸವನ್ನು ಶಿಜುಕು ವಹಿಸಿಕೊಂಡಿದ್ದಾಳೆ. ಪದಕ್ಕೆ ಪದವಿಟ್ಟು ನೋಡುತ್ತಾಳೆ, ಜೀವ ಬರುವುದಿಲ್ಲ. ಬೇಸತ್ತು ಅದನ್ನೇ ಅಣಕಿಸಿ, ಕಾಡು ಕಡಿದು ಕಣಿವೆ ಮುಚ್ಚಿ ಮಾಡಿದ ಕಾಂಕ್ರೀಟು ರಸ್ತೆಯ ಹಾಡೊಂದನ್ನು ಕಟ್ಟುತ್ತಾಳೆ. ಸೇಜಿ ಛೇಡಿಸಿದ್ದು ಇದನ್ನೇ.

ಆ ಅಣಕದಲ್ಲಿ ಸತ್ಯವಿದೆ. ಕಥೆ ನಡೆಯುವುದು ಟೋಕಿಯೊ ಪಶ್ಚಿಮದ ತಾಮಾ ಗುಡ್ಡಗಳಲ್ಲಿ. 1960ರ ದಶಕದಿಂದ ಅಲ್ಲಿನ ಬೆಟ್ಟಗಳನ್ನು ಕಡಿದು ಹೊಸ ಉಪನಗರವನ್ನು ಕಟ್ಟಲಾಯಿತು. ಇದೇ ಸ್ಟುಡಿಯೊದ 1994ರ ‘ಪೋಂಪೊಕೊ’ ಚಿತ್ರ ಆಗ ನೆಲೆ ಕಳೆದುಕೊಂಡ ಕಾಡುಪ್ರಾಣಿಗಳ ಕಥೆ. ಮರುವರ್ಷ ಬಂದ ಈ ಚಿತ್ರ ಆ ನೆಲದ ಮೇಲೆ ಎದ್ದ ಮನೆಗಳಲ್ಲಿ ಬೆಳೆದ ಮಕ್ಕಳ ಕಥೆ. ಊರು ಎಂದರೆ ಏನೆಂದು ತಿಳಿಯದ ಮಗು ಊರಿಗೆ ಮರಳುವ ಹಾಡನ್ನು ಬರೆಯುವುದು ಹೇಗೆ? ಕೊನೆಗೆ ಶಿಜುಕು ಕಂಡುಕೊಳ್ಳುವ ಹಾಡಿನಲ್ಲಿ ದಾರಿ ಊರಿನತ್ತ ಹೋಗುತ್ತದೆ. ಹಾಡುವವಳು ಮಾತ್ರ ಹೋಗುವುದಿಲ್ಲ. ಒಂಟಿಯಾಗಿ ಬದುಕಲು ಹೊರಟವಳು ಅವಳು. ಮೂಲದ ಅರ್ಥವನ್ನೇ ತಿರುಗಿಸಿದ ಮೇಲೆ ಅನುವಾದಕ್ಕೆ ಜೀವ ಬಂತು. (ಚಿತ್ರದಲ್ಲಿ ಕೇಳುವ ಜಪಾನೀ ಸಾಹಿತ್ಯವನ್ನು ಬರೆದವರು ನಿರ್ಮಾಪಕ ತೊಶಿಯೊ ಸುಝುಕಿಯವರ ಮಗಳು ಮಾಮಿಕೊ, ಮಿಯಾಝಾಕಿ ಅದನ್ನು ತಿದ್ದಿದರು.)

ಕನ್ನಡದಲ್ಲಿ ಈ ಪಾಠವನ್ನು ನಾವು ಬಿ.ಎಂ.ಶ್ರೀ. ಅವರಿಂದ ಕಲಿತಿದ್ದೇವೆ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅವರು ಪರಭಾಷೆಯ ಭಾವಗೀತೆಗಳನ್ನು ತಂದದ್ದು ಶಬ್ದಗಳನ್ನು ತೂಗಿ ನೋಡಿ ಅಲ್ಲ. ಕನ್ನಡದ ಲಯ ಯಾವುದನ್ನು ಹೊರಬಲ್ಲದು ಎಂದು ಕಿವಿಗೊಟ್ಟು ಕೇಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ಉರ್ದು ಬೆರೆತ ಮಾತು ಆಡುವ ನಮ್ಮ ಮಕ್ಕಳಿಗೆ ಅನುವಾದವೆಂಬುದು ದಿನನಿತ್ಯದ ವ್ಯವಹಾರ. ಊರಿನ ಪ್ರಶ್ನೆಯೂ ಹೊಸದಲ್ಲ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಹಬೂಬನಗರಕ್ಕೆ ಸೇರಿದವು. ಜನ ಇದ್ದಲ್ಲೇ ಇದ್ದರು, ಜಿಲ್ಲೆ ಬದಲಾಯಿತು. ಮುಂದೆ ಶ್ರೀಶೈಲ ಜಲಾಶಯದ ಹಿನ್ನೀರು ಬಂದಾಗ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಬೇಕಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಡಿಗಡ್ಡೆಯ ಜನರಿಗೆ, ದಾರಿಯಿದ್ದೂ ಮರಳಲು ಊರಿಲ್ಲವೆಂಬ ಹಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹಾಡನ್ನು ಶಿಜುಕು ಸೇಜಿಯ ಮುಂದೆ ಹಾಡುವ ದೃಶ್ಯ ಚಿತ್ರದ ಹೃದಯ. ಅವನು ಅಂಗಡಿಯ ಕೆಳಮನೆಯಲ್ಲಿ ಪಿಟೀಲು ಮಾಡುವುದನ್ನು ಕಲಿಯುತ್ತಿದ್ದಾನೆ. ನುಡಿಸಿ ತೋರಿಸೆಂದು ಅವಳು ಕೇಳಿದರೆ, ನೀನು ಹಾಡಿದರೆ ನುಡಿಸುವೆನೆಂದು ಅವನು. ಸಂಕೋಚದಿಂದ ನಡುಗುವ ದನಿ ನಿಧಾನವಾಗಿ ನೆಲೆಗೊಳ್ಳುತ್ತದೆ. ಅಷ್ಟರಲ್ಲಿ ಅವನ ಅಜ್ಜ ನಿಶಿಯವರೂ ಅವರ ಇಬ್ಬರು ಗೆಳೆಯರೂ ಬಂದು, ಸದ್ದಿಲ್ಲದೆ ತಮ್ಮ ಹಳೆಯ ವಾದ್ಯಗಳನ್ನು ಎತ್ತಿಕೊಂಡು ಜೊತೆಗೂಡುತ್ತಾರೆ. ಎಳೆಯರ ಒಲವಿನ ನಡುವೆ ಮುದುಕರು ಬಂದರೆ ನಮ್ಮ ಚಿತ್ರಗಳಲ್ಲಿ ರಸಭಂಗ. ಇಲ್ಲಿ ರಸ ತುಂಬಿ ಬರುತ್ತದೆ. ಹಾಡು ಮುಗಿದ ಮೇಲೆ ಆ ಹಿರಿಯರು ಹುಡುಗನನ್ನು ಹೆಸರು ಹಿಡಿದು ಕರೆಯುತ್ತಾರೆ. ಕಾರ್ಡಿನ ರಾಜಕುಮಾರ ಇವನೇ ಎಂದು ಆಗ ಅವಳಿಗೆ ತಿಳಿಯುತ್ತದೆ.

ಸೇಜಿಯ ಆಸೆ ಇಟಲಿಯ ಕ್ರೆಮೋನಾಕ್ಕೆ ಹೋಗುವುದು. ಸ್ಟ್ರಾಡಿವಾರಿಯಂಥ ಪಿಟೀಲು ಶಿಲ್ಪಿಗಳ ಊರು ಅದು. ಮೂಲ ಚಿತ್ರಕಥಾಮಾಲಿಕೆಯಲ್ಲಿ ಅವನು ಚಿತ್ರ ಬರೆಯುವ ಹುಡುಗ. ಮಿಯಾಝಾಕಿ ಅವನ ಕೈಗೆ ಉಳಿ ಕೊಟ್ಟರು. ಉಚಿತವಾದ ಬದಲಾವಣೆ. ಮರದ ಮುಂದೆ ಕುಳಿತು ಕೆತ್ತುವವನಿಗೆ ತನ್ನ ಕೆಲಸ ಸರಿಯಾಯಿತೇ ಇಲ್ಲವೇ ಎಂಬುದನ್ನು ಮರೆಮಾಚಲು ಸಾಧ್ಯವಿಲ್ಲ. ಎರಡು ತಿಂಗಳ ಪರೀಕ್ಷೆಗಾಗಿ ಅವನಿಗೆ ಅವಕಾಶ ಸಿಗುತ್ತದೆ. ಅವನಿಗೆ ಗುರಿಯಿದೆ, ತನಗೇನಿದೆ ಎಂಬ ಪ್ರಶ್ನೆ ಶಿಜುಕುವನ್ನು ಕೊರೆಯುತ್ತದೆ. ಅಗಲಿಕೆಯ ಕಣ್ಣೀರಿಗಿಂತ ಈ ಪ್ರಶ್ನೆಯ ಉರಿ ಹೆಚ್ಚು. ಅವನು ಬರುವಷ್ಟರಲ್ಲಿ ತಾನೊಂದು ಕಥೆಯನ್ನು ಬರೆದು ಮುಗಿಸುವೆನೆಂದು ಪಣ ತೊಡುತ್ತಾಳೆ. ಅಂಗಡಿಯಲ್ಲಿ ಕಂಡ ಬೆಕ್ಕಿನ ಮುಖದ ಬೊಂಬೆ ‘ಬ್ಯಾರನ್’ ಅವಳ ಕಥೆಯ ನಾಯಕ. ಅವಳು ಕಲ್ಪಿಸಿಕೊಳ್ಳುವ ಆ ಲೋಕದ ದೃಶ್ಯಗಳು ಮಾತ್ರ ಬಣ್ಣಬಣ್ಣದ ಅದ್ಭುತ. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು ಸೆರಗು. ಚಿತ್ರದ ನೇಯ್ಗೆಯೂ ಹಾಗೆಯೇ. ಉಡುವವರಿಗೆ ತಂಪು ಕೊಡುವುದು ಒಡಲಿನ ಹತ್ತಿ.

ಬರವಣಿಗೆಯ ಭರದಲ್ಲಿ ಶಿಜುಕುವಿನ ಪರೀಕ್ಷೆಯ ಅಂಕಗಳು ಕುಸಿಯುತ್ತವೆ. ಶಾಲೆಯಿಂದ ತಾಯಿಗೆ ಕರೆ ಬರುತ್ತದೆ. ಅಕ್ಕ ಕೂಗಾಡುತ್ತಾಳೆ. ಈ ಭಾಗವನ್ನು ತಂದೆತಾಯಂದಿರು ಎರಡು ಬಾರಿ ನೋಡಬೇಕೆಂದು ನನ್ನ ಬಿನ್ನಹ. ಊಟದ ಮೇಜಿನ ಬಳಿ ತಂದೆತಾಯಿ ಇಬ್ಬರೂ ಕುಳಿತು ಮಗಳನ್ನು ಕೇಳುತ್ತಾರೆ. ಈಗ ಮಾಡುತ್ತಿರುವುದು ಓದಿಗಿಂತ ಮುಖ್ಯವೇ? ಅದೇನೆಂದು ಹೇಳಬಹುದೇ? ಕಾಲ ಬಂದಾಗ ಹೇಳುವೆನೆನ್ನುತ್ತಾಳೆ ಅವಳು. ತಂದೆ ಸ್ವಲ್ಪ ಯೋಚಿಸಿ, ಅವಳು ಗ್ರಂಥಾಲಯದಲ್ಲಿ ಶ್ರಮಪಡುತ್ತಿರುವುದನ್ನು ತಾನು ಕಂಡಿರುವೆನೆಂದೂ, ನಂಬಿದ್ದನ್ನು ಮಾಡಲೆಂದೂ ಒಪ್ಪಿಗೆ ಕೊಡುತ್ತಾರೆ. ಜೊತೆಗೆ ಒಂದು ಮಾತು ಸೇರಿಸುತ್ತಾರೆ: ಎಲ್ಲರೂ ನಡೆಯದ ದಾರಿಯಲ್ಲಿ ನಡೆಯುವುದು ಸುಲಭವಲ್ಲ, ಏನೇ ಆದರೂ ಬೇರೆಯವರನ್ನು ದೂರುವಂತಿಲ್ಲ. ತಾಯಿಯ ಷರತ್ತು ಇನ್ನೂ ಸರಳ: ಊಟಕ್ಕೆ ಮಾತ್ರ ಎಲ್ಲರ ಜೊತೆ ಬಂದು ಕೂಡಬೇಕು.

ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ಹೇಳುವುದು ಅನಗತ್ಯವಾದರೂ ಹೇಳುತ್ತೇನೆ. ಹುಡುಗಿಯ ಹೆಸರಿನ ಜೊತೆ ಹುಡುಗನ ಹೆಸರು ಒಮ್ಮೆ ಕೇಳಿಬಂದರೆ ಸಾಕು, ಮೊದಲು ಮೊಬೈಲು ಹೋಗುತ್ತದೆ, ಆಮೇಲೆ ಶಾಲೆಯೇ ಹೋಗುತ್ತದೆ, ವರ್ಷ ತುಂಬುವುದರೊಳಗೆ ಸಂಬಂಧ ಹುಡುಕುವ ಮಾತು ಬರುತ್ತದೆ. ಹುಡುಗನ ಓದು ಮುಂದುವರಿಯುತ್ತದೆ. ನಿಜವಾಗಿ ಏನಾಗಿತ್ತು ಎಂದು ಅವಳನ್ನು ಕುಳ್ಳಿರಿಸಿ ಕೇಳಿದವರಿರುವುದಿಲ್ಲ. ಬಹಳ ಸಲ ಆಗಿರುವುದು ಕಾರ್ಡಿನ ಮೇಲೆ ಹೆಸರು ಕಂಡಷ್ಟೇ. ಶಿಜುಕುವಿನ ತಂದೆ ಮಾಡಿದ್ದು ದೊಡ್ಡ ಔದಾರ್ಯವಲ್ಲ; ಕೇಳಿದರು, ಉತ್ತರಕ್ಕೆ ಕಾದರು. ಅವರ ಪಾತ್ರ ಆದರ್ಶದ ಗೊಂಬೆಯಾಗದಿರಲು ಕಾರಣ, ಮಗಳಿಗೆ ಒಪ್ಪಿಗೆ ಕೊಡುವಾಗ ಅವರ ಮುಖದಲ್ಲಿ ಕಾಣುವ ಅಳುಕು.

ಕಥೆ ಮುಗಿದಾಗ ಮೊದಲ ಓದುಗರು ನಿಶಿ ಅಜ್ಜ. ಮುಂಚೆ ಒಂದು ದಿನ ಅವರು ಅವಳಿಗೆ ಒಂದು ಒರಟು ಕಲ್ಲನ್ನು ತೋರಿಸಿದ್ದರು. ಬೆಳಕಿಗೆ ಹಿಡಿದರೆ ಒಳಗೆ ಹಸಿರು ಹರಳು. ಹೊರತೆಗೆದು ಸಾಣೆ ಹಿಡಿಯುವವರೆಗೆ ಅದು ಕಲ್ಲೇ. ಈಗ ಕಥೆಯನ್ನು ಓದಿ ಅವರು ಸುಳ್ಳು ಹೊಗಳುವುದಿಲ್ಲ. ಒರಟಾಗಿದೆ, ಅಪೂರ್ಣವಾಗಿದೆ, ಆದರೆ ಸೇಜಿಯ ಪಿಟೀಲಿನಂತೆ ಇದೂ ಪ್ರಾಮಾಣಿಕವಾಗಿದೆ ಎನ್ನುತ್ತಾರೆ. ಅವಳು ಬಿಕ್ಕಿ ಅಳುತ್ತಾಳೆ. ಬರೆದು ನೋಡಿದ ಮೇಲೆ ತಿಳಿಯಿತು, ಆ��ೆಯೊಂದೇ ಸಾಲದು, ಇನ್ನೂ ಬಹಳ ಕಲಿಯಬೇಕು ಎನ್ನುತ್ತಾಳೆ. ಅಜ್ಜ ಬಿಸಿಬಿಸಿ ಶಾವಿಗೆಯ ಸಾರು ಮಾಡಿ ಉಣಬಡಿಸುತ್ತಾರೆ. ಯೌವನದಲ್ಲಿ ತಾವು ಜರ್ಮನಿಯಲ್ಲಿ ಬ್ಯಾರನ್ ಬೊಂಬೆಯನ್ನು ಕಂಡದ್ದು, ಅದರ ಜೋಡಿ ಬೊಂಬೆ, ಒಬ್ಬ ಗೆಳತಿ, ನಡುವೆ ಬಂದ ಯುದ್ಧ ಎಲ್ಲವನ್ನೂ ಆಗ ಹೇಳುತ್ತಾರೆ. ಹರಕೆಯ ಮಾತಿಲ್ಲದೆ, ಉಪದೇಶವಿಲ್ಲದೆ, ಬಟ್ಟಲು ಕೈಯಲ್ಲಿರುವಾಗಲೇ ಒಂದು ಇಡೀ ಜೀವಮಾನದ ವಿರಹ ಹೊರಬರುತ್ತದೆ. ಶಿಜುಕು ಮನೆಗೆ ಹೋಗಿ ತಾಯಿಗೆ ಹೇಳುವುದಿಷ್ಟೇ: ಇನ್ನು ಪರೀಕ್ಷೆಗೆ ಓದುತ್ತೇನೆ.

ಚಿತ್ರದಲ್ಲಿ ಕೊರತೆಯಿಲ್ಲವೆಂದು ನಾನು ಹೇಳಲಾರೆ. ಸೇಜಿ ಅತಿ ಸುಸಂಪನ್ನ. ಓದುತ್ತಾನೆ, ಕೆತ್ತುತ್ತಾನೆ, ನುಡಿಸುತ್ತಾನೆ, ತನಗೆ ಬೇಕಾದದ್ದೇನೆಂದು ಆ ವಯಸ್ಸಿಗೇ ಬಲ್ಲ. ಶಿಜುಕುವಿನ ಹಟ, ಸೋಮಾರಿತನ, ಮತ್ಸರಗಳನ್ನು ನಾವು ಮುಟ್ಟಿ ನೋಡಬಹುದಾದಂತೆ ಅವನ ಒಳಗನ್ನು ನೋಡಲಾಗುವುದಿಲ್ಲ. ಅವನನ್ನು ನಾವು ಕಾಣುವುದು ಅವಳ ಕಣ್ಣಿನಿಂದ, ಆ ಕಣ್ಣಿಗೆ ಆಗ ದೋಷ ಕಾಣುವ ಸ್ಥಿತಿಯಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು.

ಕೊನೆಯ ದೃಶ್ಯದ ಬಗ್ಗೆಯೂ ಒಂದು ಮಾತು. ಸೇಜಿ ಒಂದು ದಿನ ಮುಂಚೆಯೇ ಮರಳಿ ಬಂದಿದ್ದಾನೆ. ಬೆಳಗಿನ ಜಾವ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಗುಡ್ಡಕ್ಕೆ ಹೊರಡುತ್ತಾನೆ. ಏರು ಕಡಿದಾದಾಗ ಅವಳನ್ನು ಕೂರಿಸಿಕೊಂಡೇ ಏರಿಸುವೆನೆಂದು ಅವನ ಹಟ. ಅವಳು ಕೆಳಗೆ ಧುಮುಕಿ ಹಿಂದಿನಿಂದ ನೂಕುತ್ತಾಳೆ, ತಾನು ಅವನಿಗೆ ಹೊರೆಯಾಗಲಾರೆನೆನ್ನುತ್ತಾಳೆ. ಈ ಒಂದು ಚೇಷ್ಟೆಯಲ್ಲಿ ಅವಳ ಪಾತ್ರವೆಲ್ಲ ಇದೆ. ಮೇಲೆ ಮಂಜಿನ ನಡುವೆ ಸೂರ್ಯೋದಯ. ಆಗ ಸೇಜಿ, ಮುಂದೊಂದು ದಿನ ತನ್ನನ್ನು ಮದುವೆಯಾಗುವೆಯಾ ಎಂದು ಕೇಳುತ್ತಾನೆ, ಅವಳು ಒಪ್ಪುತ್ತಾಳೆ. ಹದಿನೈದರ ವಯಸ್ಸಿನಲ್ಲಿ ಮದುವೆಯ ಮಾತು ನಮ್ಮ ಭಾಗದ ಓದುಗರಿಗೆ ಸಿಹಿಯಾಗಿ ಕೇಳಿಸಲಾರದು, ಕೇಳಿಸಬಾರದು ಕೂಡ. ನಮ್ಮ ಕಾನೂನು ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕೆನ್ನುತ್ತದೆ. ಜಪಾನಿನಲ್ಲಿ ಆಗ ಹುಡುಗಿಗೆ 16 ಇದ್ದುದು 2022ರ ಏಪ್ರಿಲ್‌ನಿಂದ 18 ಆಯಿತು. ಆದರೆ ಇಲ್ಲಿ ನಿಶ್ಚಯವಾಗುವ ಮದುವೆಯಿಲ್ಲ. ಅವನಿಗೆ ಇಟಲಿಯಲ್ಲಿ ಕಲಿಕೆಯಿದೆ, ಅವಳಿಗೆ ಮುಂದಿನ ಶಾಲೆಯಿದೆ. ಆ ವಯಸ್ಸಿನವರಿಗೆ ‘ಎಂದೆಂದಿಗೂ’ ಎನ್ನಲು ಬೇರೆ ಶಬ್ದ ಸಿಗಲಿಲ್ಲವೆಂದು ನಾನು ಅದನ್ನು ಓದುತ್ತೇನೆ. 2022ರಲ್ಲಿ ನಟನಟಿಯರನ್ನಿಟ್ಟು, ಹತ್ತು ವರ್ಷಗಳ ನಂತರದ ಇವರ ಬದುಕನ್ನು ಸೇರಿಸಿ ಜಪಾನಿನಲ್ಲಿ ಮತ್ತೊಂದು ಚಿತ್ರ ಬಂತು. ಅದರ ಅಗತ್ಯ ನನಗೆ ಕಾಣಲಿಲ್ಲ.

ಅಲ್ಲಿಗೆ ಕಥೆ ಮುಗಿಯಿತೆಂದು ಅನೇಕರು ಎದ್ದುಬಿಡುತ್ತಾರೆ. ಹಾಗೆ ಏಳಬೇಡಿ. ಕಲಾವಿದರ ಹೆಸರುಗಳು ಸರಿದುಹೋಗುವಾಗ, ಶಿಜುಕು ಬರೆದ ಜಪಾನೀ ಹಾಡಿನ ಜೊತೆಗೆ, ದಿಬ್ಬದ ಮೇಲಿನ ರಸ್ತೆಯೊಂದು ಕಾಣುತ್ತದೆ. ಕೆಲಸಕ್ಕೆ ಹೋಗುವವರು, ಶಾಲೆಯ ಮಕ್ಕಳು ನೆರಳಿನಂತೆ ಅದರ ಮೇಲೆ ಹಾದುಹೋಗುತ್ತಾರೆ. ಅಲ್ಲೊಬ್ಬ ಹುಡುಗಿ ಯಾರಿಗೋ ಕಾಯುತ್ತ ನಿಂತಿದ್ದಾಳೆ. ಸ್ವಲ್ಪ ಹೊತ್ತಿಗೆ ಹುಡುಗನೊಬ್ಬ ಬರುತ್ತಾನೆ. ಗುಡಿಯ ಅಂಗಳದಿಂದ ಅಂದು ಒಂಟಿಯಾಗಿ ಹೊರಟುಹೋದ ಸುಗಿಮುರಾ ಅವನು, ಕಾಯುತ್ತಿದ್ದವಳು ಯೂಕೊ. ಇಬ್ಬರೂ ಜೊತೆಯಾಗಿ ನಡೆದುಹೋಗುತ್ತಾರೆ.